ಖಾಲಿ ಸೋಫಾಕ್ಕೊಂದು ರಂಗಗೀತೆ

ಸಿನಿಮಾ ಟಿಕೆಟ್ಟಿಗೆ 200 ರೂಪಾಯಿಯ ಮಿತಿ ಹಾಕುತ್ತೇವೆ ಎಂದು ಸರ್ಕಾರ ಹೊರಟಿದ್ದು, 2025ರ ಸೆಪ್ಟೆಂಬರಿನಲ್ಲಿ ಆದೇಶ ಬಂದಿದ್ದು, ಆ ತಿಂಗಳು ಮುಗಿಯುವುದರೊಳಗೆ ಹೈಕೋರ್ಟು ಅದಕ್ಕೆ ತಡೆ ಕೊಟ್ಟಿದ್ದು ಎಲ್ಲ ನಿಮಗೆ ಗೊತ್ತಿರುವ ಕಥೆಯೇ. ನಿರ್ಮಾಪಕರದ್ದು ಒಂದು ಮಾತು, ಮಲ್ಟಿಪ್ಲೆಕ್ಸಿನವರದ್ದು ಇನ್ನೊಂದು ಮಾತು, ನಡುವೆ ಪಾಪ್‌ಕಾರ್ನ್ ಬೆಲೆಯ ಬಗ್ಗೆ ಎಲ್ಲರದೂ ಒಂದೊಂದು ಮಾತು. ಅಷ್ಟೆಲ್ಲ ಗಲಾಟೆಯಲ್ಲಿ ನಾಟಕದ ಟಿಕೆಟ್ಟಿನ ಸುದ್ದಿಯನ್ನು ಯಾರೂ ಎತ್ತಲಿಲ್ಲ. ಎತ್ತುವುದಾದರೂ ಯಾಕೆ? ನಮ್ಮಲ್ಲಿ ರಂಗಗೀತೆ ಕೇಳಲು ದುಡ್ಡೇ ಬೇಡ. ಆಮಂತ್ರಣ ಪತ್ರಿಕೆಯ ಕೆಳಗೆ ದಪ್ಪಕ್ಷರದಲ್ಲಿ ಅಚ್ಚಾಗಿರುತ್ತದೆ: ‘ಪ್ರವೇಶ ಉಚಿತ, ಸರ್ವರಿಗೂ ಸ್ವಾಗತ.’ ಸರ್ವರೂ ಎಲ್ಲಿ ಕೂರಬೇಕು ಎಂಬುದನ್ನು ಮಾತ್ರ ಒಳಗೆ ಹೋದ ಮೇಲೆ ಹೇಳುತ್ತಾರೆ.

ಕಾರ್ಯಕ್ರಮ ಸಂಜೆ ಐದೂವರೆಗೆ ‘ಸರಿಯಾಗಿ’. ಐದಕ್ಕೇ ಹೋಗಿದ್ದೆ. ಊರಿನ ರಂಗಮಂದಿರವೊಂದರಲ್ಲಿ ಮೊದಲ ಸಾಲಿಗೆ ಸೋಫಾ, ಸೋಫಾದ ಬೆನ್ನಿಗೆ ಬಿಳಿ ಟರ್ಕಿ ಟವೆಲು, ಎದುರಿಗೆ ಟೀಪಾಯಿ, ಟೀಪಾಯಿಯ ಮೇಲೆ ನೀರಿನ ಸಣ್ಣ ಬಾಟಲಿಗಳು. ಅದರ ಹಿಂದಿನ ಎರಡು ಸಾಲಿಗೆ ಆಚೆಯಿಂದ ಈಚೆಯವರೆಗೆ ಸುತ್ತಲಿದಾರ ಕಟ್ಟಿ, ಕುರ್ಚಿ ಬಿಟ್ಟು ಕುರ್ಚಿಗೆ ‘ಗಣ್ಯರಿಗೆ’ ಎಂಬ ಚೀಟಿ ಅಂಟಿಸಿದ್ದರು. ಕೊರಳಿಗೆ ಬ್ಯಾಡ್ಜು ಹಾಕಿಕೊಂಡ ಕಾಲೇಜು ಹುಡುಗನೊಬ್ಬ ಕಾವಲಿಗಿದ್ದ.

‘ಸಾರ್, ಇದು ವಿಐಪಿ ರೋ.’

‘ಯಾರು ಬರ್ತಾರಪ್ಪ?’

‘ಗೊತ್ತಿಲ್ಲ ಸಾರ್. ಯಾರನ್ನೂ ಕೂರಿಸಬೇಡ ಅಂದಿದಾರೆ.’

ನೋಡಿ, ಎಷ್ಟು ಚೆನ್ನಾಗಿ ಪಾಲಿಸಿದ! ಏಳು ಗಂಟೆಯಾದರೂ ಅಲ್ಲಿ ಯಾರೂ ಕೂರಲಿಲ್ಲ. ಗಣ್ಯರೂ ಕೂರಲಿಲ್ಲ, ಯಾಕೆಂದರೆ ಬಂದ ಗಣ್ಯರೆಲ್ಲ ವೇದಿಕೆಯ ಮೇಲಿದ್ದರು. ಉದ್ಘಾಟನೆ ಮಾಡುವವರು, ಅಧ್ಯಕ್ಷತೆ ವಹಿಸುವವರು, ಮುಖ್ಯ ಅತಿಥಿಗಳು, ವಿಶೇಷ ಆಹ್ವಾನಿತರು, ಆಮೇಲೆ ‘ಘನ ಉಪಸ್ಥಿತಿ’ ಎಂಬ ಸಾಲಿನಲ್ಲಿ ಹೆಸರಿದ್ದು ಉಪಸ್ಥಿತರಾಗದವರು. ಫ್ಯಾನಿನ ಗಾಳಿಗೆ ದೀಪ ಹತ್ತಲಿಲ್ಲ. ಫ್ಯಾನ್ ಆರಿಸುವವನನ್ನು ಹುಡುಕಿದರು. ದೀಪ ಹತ್ತಿತು, ಫ್ಯಾನ್ ಮತ್ತೆ ಹಾಕುವುದನ್ನು ಮರೆತರು. ಆ ಸೆಕೆಯಲ್ಲಿ ಪ್ರತಿಯೊಬ್ಬರಿಗೂ ಮೈಸೂರು ಪೇಟ, ಶಾಲು, ಹಾರ, ಹಣ್ಣಿನ ಬುಟ್ಟಿ, ಸ್ಮರಣಿಕೆ. ಭಾಷಣ ಮಾಡಿದ ಪ್ರತಿಯೊಬ್ಬರೂ ‘ಹಾಡು ಕೇಳಲು ಕಾತರದಿಂದ ಕಾಯುತ್ತಿರುವ ನಿಮ್ಮ ಮತ್ತು ಹಾಡಿನ ನಡುವೆ ನಾನು ಹೆಚ್ಚು ಹೊತ್ತು ನಿಲ್ಲುವುದಿಲ್ಲ’ ಎಂದೇ ಶುರು ಮಾಡಿ ಇಪ್ಪತ್ತು ನಿಮಿಷ ನಿಂತರು. ಅದರಲ್ಲೊಬ್ಬರು ಬಿ.ವಿ. ಕಾರಂತರ ಕೈ ಹಿಡಿದು ರಂಗಸಂಗೀತಕ್ಕೆ ದಾರಿ ತೋರಿಸಿದವರು ತಾವೇ ಎಂಬ ಅರ್ಥ ಬರುವಂತೆ ಮಾತಾಡಿದರು. ಕಾರಂತರು 2002ರಲ್ಲಿ ತೀರಿಕೊಂಡರು. ಅಲ್ಲಗಳೆಯಲು ಈಗ ಬರಲಾರರು.

ನನ್ನ ಪಕ್ಕದಲ್ಲಿ ಒಬ್ಬ ಹಿರಿಯರಿದ್ದರು. ಕಂಬದ ಪಕ್ಕದ ಸೀಟು, ಅರ್ಧ ವೇದಿಕೆ ಮಾತ್ರ ಕಾಣುತ್ತಿತ್ತು. ಮಡಿಲಲ್ಲಿ ಬಟ್ಟೆಯ ಚೀಲ, ಚೀಲದ ಮೇಲೆ ಬೆರಳಲ್ಲಿ ತಾಳ. ‘ಸತ್ತವರ ನೆರಳು’, ‘ಜೋಕುಮಾರಸ್ವಾಮಿ’, ‘ಗೋಕುಲ ನಿರ್ಗಮನ’, ಯಾವ ನಾಟಕದ ಹೆಸರು ತೆಗೆದರೂ ಅದರ ಹಾಡಿನ ಎತ್ತುಗಡೆ ಅವರ ಬಾಯಲ್ಲಿ. ಇಂಥವರನ್ನು ಹಿಂದಕ್ಕೆ ಕಳಿಸಿ, ರಂಗಗೀತೆಗೂ ಭಾವಗೀತೆಗೂ ವ್ಯತ್ಯಾಸ ಗೊತ್ತಿಲ್ಲದವರಿಗೆ, ಅದೂ ಬಾರದವರಿಗೆ, ಸೋಫಾ ಕಾಯ್ದಿರಿಸುವುದು ಮದುವೆ ಮನೆಯಲ್ಲಿ ಬೀಗರ ಪಂಕ್ತಿ ಖಾಲಿಯಿದ್ದರೂ ಹಸಿದವರನ್ನು ಹೊರಗೆ ನಿಲ್ಲಿಸಿದಂತೆ.

ಹಾಗೆ ನೋಡಿದರೆ ಹಾಡು ಕೇಳುವುದಕ್ಕೆ ಮೊದಲ ಸಾಲು ಒಳ್ಳೆಯ ಜಾಗವೇ ಅಲ್ಲ. ಇದನ್ನು ಗಣ್ಯರಿಗೆ ಯಾರಾದರೂ ಹೇಳಬೇಕು. ಅಂಚಿನಲ್ಲಿ ಕೂತರೆ ಸ್ಪೀಕರ್ ಡಬ್ಬ ಕಿವಿಗೇ ಬಡಿಯುತ್ತದೆ, ತಬಲಾ ಹಾಡನ್ನು ನುಂಗುತ್ತದೆ, ನಟರ ಕಾಲು ಕಾಣುವುದಿಲ್ಲ. ಕಿವಿ ಇರುವವರು ಮಾಡುವ ಕೆಲಸ ಬೇರೆ. ಸಭಾಂಗಣದೊಳಗೆ ಹೋದ ಕೂಡಲೇ ಸೌಂಡ್ ಇಂಜಿನಿಯರ್ ಮಿಕ್ಸರ್ ಇಟ್ಟುಕೊಂಡು ಎಲ್ಲಿ ಕೂತಿದ್ದಾನೆ ನೋಡುತ್ತಾರೆ. ಅವನು ದನಿ ಹದ ಮಾಡುವುದು ತನ್ನ ಕಿವಿಗೆ ಕೇಳಿದಂತೆ. ಹಾಗಾಗಿ ಅವನ ಅಕ್ಕಪಕ್ಕ, ಇಲ್ಲವೇ ಒಂದೆರಡು ಸಾಲು ಮುಂದೆ, ಆ ಸಂಜೆ ಎಲ್ಲರಿಗಿಂತ ಚೆನ್ನಾಗಿ ಕೇಳಿಸುವ ಜಾಗ. ಹಾಡಿನ ಜೊತೆ ನಾಟಕವೂ ಇದ್ದು, ಗುಂಪಿನ ಚಲನೆ ನೋಡಬೇಕೆಂದರೆ ಬಾಲ್ಕನಿಯ ಮೊದಲ ಸಾಲಿನ ನಡುಭಾಗ. ಮೇಳದವರ ಕೈ ನೋಡುವ ಚಪಲವಿದ್ದರೆ ಹಾರ್ಮೋನಿಯಂ ಯಾವ ಪಕ್ಕಕ್ಕಿದೆ ನೋಡಿ, ಎದುರು ಪಕ್ಕದಲ್ಲಿ ಕೂರಿ. ಇವಿಷ್ಟಕ್ಕೂ ಒಂದು ಪೈಸೆ ಹೆಚ್ಚಿಲ್ಲ.

ಕಂಪನಿ ನಾಟಕದವರಿಗೆ ಈ ವಿದ್ಯೆಯೆಲ್ಲ ಗೊತ್ತಿತ್ತು. ಸಿನಿಮಾ ಟೆಂಟಿನಲ್ಲಿ ನೆಲದವರು ಮುಂದೆ, ಕುರ್ಚಿಯವರು ಹಿಂದೆ. ನಾಟಕದ ಟೆಂಟಿನಲ್ಲಿ ಅದು ತಿರುಗಾಮುರುಗಾ. ಅಲ್ಲಿಯೂ ಮುಂದೆ ಸೋಫಾ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಕೂರಬೇಕೆಂದರೆ ದುಡ್ಡು ಬಿಚ್ಚಬೇಕಿತ್ತು. ದುಡ್ಡು ಬಿಚ್ಚಿದವನು ಬರದೇ ಇರುತ್ತಿರಲಿಲ್ಲ. ಬಂದವನು ಹಾಡು ಹಿಡಿಸಿದರೆ ‘ಒನ್ಸ್ ಮೋರ್’ ಎನ್ನುತ್ತಿದ್ದ, ಹಿಂದಿನ ಬೆಂಚಿನವನೂ ಎನ್ನುತ್ತಿದ್ದ. ಸಾಯುತ್ತಾ ಬಿದ್ದಿದ್ದ ಪಾತ್ರವೂ ಎದ್ದು ಮತ್ತೊಮ್ಮೆ ಹಾಡಿ ಮತ್ತೆ ಸಾಯಬೇಕಿತ್ತು. ಗುಬ್ಬಿ ಕಂಪನಿ 1884ರಲ್ಲಿ ಹುಟ್ಟಿದ್ದು. ವೀರಣ್ಣನವರ ಕಾಲಕ್ಕೆ ‘ಕುರುಕ್ಷೇತ್ರ’ದಲ್ಲಿ ನಿಜವಾದ ಆನೆ ಕುದುರೆ ರಂಗದ ಮೇಲೆ ಬಂದವು. ಆನೆಗೆ ಮೇವು ಹಾಕಬೇಕಾದ ಮಾಲೀಕನಿಗೆ ಖಾಲಿ ಸೋಫಾದ ಬೆಲೆ ಗೊತ್ತಿರುತ್ತದೆ. ಈಗಲೂ ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ಜಾತ್ರೆಗೆ ಹೋಗಿ ನೋಡಿ. ಕಂಪನಿಗಳು ಸಾಲಾಗಿ ಟೆಂಟು ಹಾಕಿರುತ್ತವೆ, ಒಂದರ ಮೈಕು ಇನ್ನೊಂದರ ಮೈಕನ್ನು ಬಯ್ಯುತ್ತಿರುತ್ತದೆ, ಬೆಳಗಿನ ಜಾವದವರೆಗೂ ಜನ ಒಂದು ಟೆಂಟಿನಿಂದ ಎದ್ದು ಇನ್ನೊಂದಕ್ಕೆ ನುಗ್ಗುತ್ತಾರೆ. ಅಲ್ಲಿ ದೀಪ ಬೆಳಗಿಸಲು ಯಾರನ್ನೂ ಕಾಯುವುದಿಲ್ಲ.

ಬಂಡವಾಳಶಾಹಿಗಳ ಕಾಶಿಯಾದ ನ್ಯೂಯಾರ್ಕಿನವರು ಇನ್ನೂ ಮುಂದೆ ಹೋಗಿದ್ದಾರೆ. ‘ರೆಂಟ್’ ಎಂಬ ಸಂಗೀತ ನಾಟಕ 1996ರಲ್ಲಿ ಬ್ರಾಡ್‌ವೇಗೆ ಬಂದಾಗ ಮೊದಲೆರಡು ಸಾಲನ್ನು ಆಯಾ ದಿನವೇ 20 ಡಾಲರಿಗೆ ಮಾರಿದರು. ಬಾಡಿಗೆ ಕಟ್ಟಲಾಗದ ಹುಡುಗರ ಕಥೆಗೆ ಬಾಡಿಗೆ ಕಟ್ಟಲಾಗದ ಹುಡುಗರೇ ಎದುರಿಗಿರಲಿ ಎಂದು. ಸರದಿಗಾಗಿ ಜನ ರಾತ್ರಿಯೇ ಬಂದು ಫುಟ್‌ಪಾತಿನಲ್ಲಿ ಮಲಗತೊಡಗಿದ ಮೇಲೆ ಲಾಟರಿ ಮಾಡಿದರು. ಆಮೇಲೆ ಬಂದ ‘ಹ್ಯಾಮಿಲ್ಟನ್’ 2016ರಲ್ಲಿ ತನ್ನ ದುಬಾರಿ ಸೀಟಿಗೆ 849 ಡಾಲರ್ ಎಂದು ಕೂಗಿತು. ಹಗಲು ದರೋಡೆಯೇ, ಅನುಮಾನವಿಲ್ಲ. ಆದರೆ ಅದೇ ನಾಟಕದ ಮೊದಲ ಸಾಲಿನ ಸೀಟುಗಳು ಲಾಟರಿ ಗೆದ್ದವರಿಗೆ 10 ಡಾಲರ್. ಕೋಟ್ಯಧಿಪತಿ ಹಿಂದೆ, ಹಾಡು ಬಾಯಿಪಾಠ ಮಾಡಿಕೊಂಡ ಕಾಲೇಜು ಹುಡುಗಿ ಮುಂದೆ. ಧರ್ಮಬುದ್ಧಿಯಿಂದ ಮಾಡಿದ್ದೆಂದು ನಾನು ಹೇಳುವುದಿಲ್ಲ. ಎದುರಿಗೆ ಕಣ್ಣರಳಿಸಿ ಕೂತವರಿದ್ದರೆ ನಟ ನಾಲ್ಕು ಪಟ್ಟು ಚೆನ್ನಾಗಿ ಹಾಡುತ್ತಾನೆ, ಅದು ಅಲ್ಲಿನ ವ್ಯಾಪಾರಸ್ಥನಿಗೂ ಗೊತ್ತು.

ಪುಕ್ಕಟೆ ಸಹವಾಸವೇ ಬೇಡ, ದುಡ್ಡು ಕೊಟ್ಟೇ ನೋಡೋಣ ಎಂದು ಆನ್‌ಲೈನಿಗೆ ಹೋದರೆ ಅಲ್ಲಿಯ ಸೊಗಸು ಬೇರೆ. ನಾಟಕದ ಟಿಕೆಟ್ಟು 500 ರೂಪಾಯಿ ದಾಟದಿದ್ದರೆ ಅದಕ್ಕೆ ಜಿಎಸ್‌ಟಿ ಇಲ್ಲ. ಸರ್ಕಾರ ಕಲೆಗೆ ತೋರಿದ ಕರುಣೆ, ಕೈಮುಗಿಯೋಣ. ಆದರೆ ಟಿಕೆಟ್ ಕೊಂಡ ತಪ್ಪಿಗೆ ಆ್ಯಪಿನವರು ಹಾಕುವ ಕನ್ವೀನಿಯನ್ಸ್ ಫೀ ಇದೆಯಲ್ಲ, ಅದಕ್ಕೆ ಶೇಕಡಾ 18. ಹಾಡಿದ್ದಕ್ಕೆ ತೆರಿಗೆಯಿಲ್ಲ, ಕುಣಿದದ್ದಕ್ಕೆ ಇಲ್ಲ, ಗುಂಡಿ ಒತ್ತಿದ್ದಕ್ಕೆ ಇದೆ. ಒತ್ತಿದವನು ನಾನು, ಕಟ್ಟಿದವನೂ ನಾನು. ಇದಕ್ಕೆ ಮೆಟ್ರೊ ಸೇರಿಸಿ. 2025ರ ಫೆಬ್ರವರಿಯಲ್ಲಿ ಅದರ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿತು. ಊರಿನ ಆ ತುದಿಯಿಂದ ಈ ತುದಿಗೆ ಬರುವವನಿಗೆ ‘ಪ್ರವೇಶ ಉಚಿತ’ ಕಾರ್ಯಕ್ರಮ ಹೋಗಿ ಬರಲು 180 ರೂಪಾಯಿ. ಅಷ್ಟು ಖರ್ಚು ಮಾಡಿ ಬಂದವನು ಕಂಬ ನೋಡಿಕೊಂಡು ಹೋಗುತ್ತಾನೆ.

ಜೆ.ಪಿ. ನಗರದ ರಂಗಶಂಕರದಲ್ಲಿ ಈ ರಗಳೆ ಇಲ್ಲ ಎಂದು ಒಪ್ಪಿಕೊಳ್ಳಬೇಕು. 2004ರಲ್ಲಿ ಬಾಗಿಲು ತೆರೆದ ದಿನದಿಂದ ಒಂದೇ ಹಟ: ಹೊತ್ತಿಗೆ ಸರಿಯಾಗಿ ಶುರು, ತಡವಾಗಿ ಬಂದವರು ಎಂಥ ದೊಡ್ಡವರಾದರೂ ಹೊರಗೆ. ಆಕಾಶವೇನೂ ಕಳಚಿ ಬೀಳಲಿಲ್ಲ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ರಂಗಕ್ಕೆ ಬಂದಾಗಲೂ ಹಾಗೆಯೇ. 2010ರಲ್ಲಿ ಮೈಸೂರು ರಂಗಾಯಣದಲ್ಲಿ, ಆಮೇಲೆ ಬೆಂಗಳೂರಿನ ಕಲಾಗ್ರಾಮದಲ್ಲಿ, ಸಿ. ಬಸವಲಿಂಗಯ್ಯನವರ ನಿರ್ದೇಶನ, ಹಂಸಲೇಖರ ಸಂಗೀತ, ರಾತ್ರಿಯಿಡೀ ಒಂಬತ್ತು ತಾಸು. ರಂಗಸ್ಥಳ ಒಂದಲ್ಲ, ನಾಲ್ಕು. ಒಂದು ಕಡೆಯ ಆಟ ಮುಗಿದರೆ ಪ್ರೇಕ್ಷಕರು ಎದ್ದು ಇನ್ನೊಂದು ಕಡೆಗೆ ನಡೆಯಬೇಕು. ಅಪರಾತ್ರಿಯಲ್ಲಿ ಶಾಲು ಹೊದ್ದು ಬಿರಬಿರನೆ ಹೆಜ್ಜೆ ಹಾಕಿದವನಿಗೆ ಮುಂದಿನ ಜಾಗ. ಸುತ್ತಲಿದಾರ ಕಟ್ಟುವುದು ಎಲ್ಲಿಗೆ? ಗಣ್ಯರನ್ನು ಸುಧಾರಿಸಲು ನಮ್ಮ ನಾಡಿನಲ್ಲಿ ಇದಕ್ಕಿಂತ ಒಳ್ಳೆಯ ವಾಸ್ತುಶಿಲ್ಪ ಬಂದಿಲ್ಲ. ಎಲ್ಲ ರಂಗಮಂದಿರಗಳ ಸೋಫಾಗಳಿಗೆ ಚಕ್ರ ಹಾಕಿ ಅರ್ಧ ಗಂಟೆಗೊಮ್ಮೆ ಹಿಂದಕ್ಕೆ ತಳ್ಳುವ ಯೋಜನೆಯೊಂದನ್ನು ಸಂಸ್ಕೃತಿ ಇಲಾಖೆಗೆ ಬರೆಯಬೇಕೆಂದಿದ್ದೇನೆ. ಟೆಂಡರು ಕರೆಯುವ ಅವಕಾಶವಿರುವುದರಿಂದ ಮಂಜೂರಾದೀತು.

ತಮಾಷೆ ಸಾಕು. ಆ ಸಂಜೆ ಹಾಡಬೇಕಿದ್ದವರು ಮಧ್ಯಾಹ್ನ ಮೂರಕ್ಕೇ ಬಂದು ಮೈಕು ಸರಿಮಾಡಿಕೊಂಡಿದ್ದರಂತೆ. ರೇಷ್ಮೆ ಸೀರೆ ಉಟ್ಟು, ಶ್ರುತಿಪೆಟ್ಟಿಗೆ ಪಕ್ಕದಲ್ಲಿಟ್ಟುಕೊಂಡು, ಸೈಡ್ ವಿಂಗಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಐದು ಗಂಟೆ ಕಾದರು. ಎಂಟಕ್ಕೆ ವೇದಿಕೆ ಸಿಕ್ಕಿತು. ಎದುರಿಗೆ ಮೂರು ಸಾಲು ಖಾಲಿ. ಹಿಂದೆ ಇದ್ದವರಲ್ಲಿ ಅರ್ಧ ಜನ ಬಸ್ಸು, ಮೆಟ್ರೊ, ಮನೆಯಲ್ಲಿ ಮಾತ್ರೆ ಎಂದು ಎದ್ದುಹೋಗಿದ್ದರು. ಸಭಾಂಗಣ ಬಿಟ್ಟುಕೊಡಬೇಕು, ಬೇಗ ಮುಗಿಸಿ ಎಂದು ಚೀಟಿ ಬಂತು. ಕಲಿತು ತಂದ ಹಾಡುಗಳಲ್ಲಿ ಅರ್ಧವನ್ನು ಹಾಡದೇ ಕೈಮುಗಿದು ಇಳಿದರು. ಅವರ ಹಾಡಿಗಾಗಿಯೇ ಅಲ್ಲವೇ ಆ ಪತ್ರಿಕೆ ಅಚ್ಚು ಹಾಕಿಸಿದ್ದು? ಅದರಲ್ಲಿ ಅವರ ಹೆಸರು ಎಲ್ಲಕ್ಕಿಂತ ಕೆಳಗೆ, ಎಲ್ಲಕ್ಕಿಂತ ಸಣ್ಣ ಅಕ್ಷರದಲ್ಲಿತ್ತು. ಯಾರಿಗೂ ನಾಚಿಕೆಯಾಗಲಿಲ್ಲ. ನನಗೆ ಈ ಬಗ್ಗೆ ಚುರುಕಾಗಿ ಏನಾದರೂ ಬರೆಯುವ ಉತ್ಸಾಹವೂ ಉಳಿದಿಲ್ಲ.

ಮುಖ್ಯ ಅತಿಥಿಗಳು ಮೊದಲ ಹಾಡಿಗೆ ಮುಂಚೆಯೇ ‘ಇನ್ನೊಂದು ಕಾರ್ಯಕ್ರಮವಿರುವುದರಿಂದ’ ಹೊರಟರು. ಹೊರಗೆ ಮೆಟ್ಟಿಲ ಮೇಲೆ ಫೋಟೊ, ಸೆಲ್ಫಿ, ಕೈಕುಲುಕಾಟ ಎಂದು ಮತ್ತಷ್ಟು ಹೊತ್ತಾಯಿತು. ಅಷ್ಟರಲ್ಲಿ ಅವರ ಡ್ರೈವರು ಹಣ್ಣಿನ ಬುಟ್ಟಿಯನ್ನು ಕಂಕುಳಲ್ಲಿ ಇಟ್ಟುಕೊಂಡೇ ಬಾಗಿಲಿಗೆ ಒರಗಿ ನಿಂತು ಎರಡು ಹಾಡು ಕೇಳಿದ. ಎರಡನೆಯದರ ಪಲ್ಲವಿಯನ್ನು ಮೇಳದ ಜೊತೆಗೇ ಎತ್ತಿಕೊಂಡ. ಸಾಹೇಬರ ಫೋನು ಬಂತು, ಓಡಿದ.

ಗಣ್ಯರೇ, ನಿಮಗೆ ಬರಲಾಗದಿದ್ದರೆ ಬೇಸರವಿಲ್ಲ. ಡ್ರೈವರನ್ನು ಕಳಿಸಿಕೊಡಿ. ಅವನಿಗೆ ಹಾಡು ಬರುತ್ತದೆ.