ಜಡೆ ಹಾಕುವವರು ಯಾರು?

ಕವಳದ ಹರಿವಾಣ ಒಂದು ಸುತ್ತು ಬಂದಿತ್ತು. ಅಡಿಕೆಯ ಹೋಳನ್ನು ದವಡೆಗೆ ಸರಿಸಿಕೊಂಡು ಹಿರಿಯರೊಬ್ಬರು ಕೇಳಿದರು: “ಎಲ್ಲ ಸರಿ ಮಾರಾಯ, ಹೆಣ್ಣುಮಗು ಅದು. ಬೆಳಿಗ್ಗೆ ಎದ್ದು ಜಡೆ ಹಾಕುವವರು ಯಾರು?” ಜಗಲಿಯಲ್ಲಿದ್ದ ಏಳೆಂಟು ತಲೆಗಳು ಒಟ್ಟಿಗೆ ಆಡಿದವು. ಇನ್ನು ಮಾತಿಲ್ಲ ಎಂಬಂತೆ ಯಾರೋ ರಾಶಿ ಅಡಿಕೆಯ ಧಾರಣೆಯ ವಿಷಯ ಎತ್ತಿದರು. ಕಂಬಕ್ಕೆ ಒರಗಿದ್ದ ನನ್ನ ಚಿಕ್ಕಪ್ಪನ ಮಗ ಅಂಗಳದ ಕಡೆ ನೋಡುತ್ತಾ ಸುಮ್ಮನೆ ಕುಳಿತಿದ್ದ.

ಅವನ ವಿಚ್ಛೇದನದ ಪ್ರಕರಣ ಶಿವಮೊಗ್ಗದಲ್ಲಿ ನಡೆಯುತ್ತಿದೆ. ಮಗಳಿಗೆ ಆರು ವರ್ಷ. ‘ಮಗು ನನಗೇ ಬೇಕು’ ಎಂದು ಅವನು ಹಟ ಹಿಡಿದಿದ್ದರೆ ಊರಿಗೆ ಅರ್ಥವಾಗುತ್ತಿತ್ತು. ‘ನನಗೆ ಬೇಡ’ ಎಂದಿದ್ದರೆ ಇನ್ನೂ ಚೆನ್ನಾಗಿ ಅರ್ಥವಾಗುತ್ತಿತ್ತು. ಅವನು ಕೇಳಿದ್ದು ಜಂಟಿ ಸುಪರ್ದಿ. ಮಗು ಎರಡೂ ಮನೆಯಲ್ಲಿ ಬೆಳೆಯಲಿ, ಇಬ್ಬರೂ ಸಾಕೋಣ ಎಂದು. ಇದನ್ನು ಅವನ ತಲೆಯಿಂದ ಬಿಡಿಸುವುದಕ್ಕೆಂದೇ ಅಂದು ಜಗಲಿ ಸೇರಿದ್ದು. “ಅವಳಿಗೇ ಬಿಟ್ಟುಕೊಡು, ನಿನಗಿನ್ನೂ ಮೂವತ್ತೆಂಟು, ಮುಂದಿನ ದಾರಿ ನೋಡೋಣ” ಎಂದು ಒಳಬಾಗಿಲಲ್ಲಿ ನಿಂತು ಹೇಳಿದ್ದು ಬೇರೆ ಯಾರೂ ಅಲ್ಲ, ನನ್ನ ಅಮ್ಮ. ಮುಂದಿನ ದಾರಿ ಎಂದರೆ ಯಾವುದೆಂದು ಬಿಡಿಸಿ ಹೇಳಬೇಕಿಲ್ಲ.

ಮೂರು ವಾರದ ರಜೆಯಲ್ಲಿ ಬಂದವನು ಬಾಯಿ ಮುಚ್ಚಿಕೊಂಡಿರಬೇಕು ಎಂಬ ವಿವೇಕ ನನಗಿದೆ. ಆದರೂ ಆ ಜಡೆಯ ಪ್ರಶ್ನೆ ಹಲಸಿನ ಅಂಟಿನ ಹಾಗೆ ಹಿಡಿದುಕೊಂಡಿತು, ಎಣ್ಣೆ ಹಚ್ಚಿ ತಿಕ್ಕಿದರೂ ಬಿಡಲಿಲ್ಲ.

ನಾನು ಹನ್ನೊಂದು ವರ್ಷದಿಂದ ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿದ್ದೇನೆ. ಮಳೆಯ ವಿಷಯದಲ್ಲಿ ಆ ಊರು ನಮ್ಮ ಆಗುಂಬೆಯ ಬಡ ನೆಂಟ. ಕಚೇರಿಯಲ್ಲಿ ನನ್ನ ಪಕ್ಕದ ಮೇಜಿನವನಿಗೆ ವಿಚ್ಛೇದನವಾಗಿ ನಾಲ್ಕು ವರ್ಷ, ಮಗಳಿಗೆ ಈಗ ಎಂಟು. ಒಂದು ವಾರ ಅಮ್ಮನ ಮನೆ, ಒಂದು ವಾರ ಅಪ್ಪನ ಮನೆ. ಶುಕ್ರವಾರ ಬೆಳಿಗ್ಗೆ ಅಮ್ಮ ಶಾಲೆಗೆ ಬಿಟ್ಟು ಹೋಗುತ್ತಾಳೆ, ಮಧ್ಯಾಹ್ನ ಅಪ್ಪ ಕರೆತರುತ್ತಾನೆ. ಮನಸ್ತಾಪವಿರುವ ಇಬ್ಬರು ಬಾಗಿಲಲ್ಲಿ ಎದುರಾಗಿ ಮುಖ ಗಂಟು ಹಾಕಿಕೊಳ್ಳುವ ಪ್ರಸಂಗವೇ ಬರುವುದಿಲ್ಲ. ಇದಕ್ಕೆ ಅವರ ಭಾಷೆಯಲ್ಲಿ ‘ಪಾಪ್ಪಾವೆಕ್ಕಾ’ ಎಂಬ ಪದವೇ ಇದೆ: ಅಪ್ಪನ ವಾರ. “ಸಂಜೆಯ ಸಭೆಗೆ ನಾನಿಲ್ಲ, ಅಪ್ಪನ ವಾರ” ಎಂದು ಅವನು ಹೇಳಿದರೆ ಯಾರೂ ಹುಬ್ಬೇರಿಸುವುದಿಲ್ಲ, ಸಭೆಯನ್ನೇ ಹಿಂದಕ್ಕೆ ಎಳೆಯುತ್ತಾರೆ. ಮಗುವಿಗೆ ಜ್ವರ ಬಂದು ತಂದೆಯೋ ತಾಯಿಯೋ ಮನೆಯಲ್ಲಿ ಉಳಿದರೆ ಸರ್ಕಾರದ ವಿಮೆಯಿಂದ ಭತ್ಯೆ ಬರುತ್ತದೆ. ಅದಕ್ಕೆ ‘ವಾಬ್’ ಎಂದು ಹೆಸರು. ಮಕ್ಕಳೆಲ್ಲ ಮೂಗು ಸುರಿಸುವ ಫೆಬ್ರವರಿಯನ್ನು ಜನ ತಮಾಷೆಗೆ ‘ವಾಬ್ರುವರಿ’ ಎನ್ನುತ್ತಾರೆ. ಆ ಹುಡುಗಿಯ ಕೂದಲು ಮೆಕ್ಕೆಜೋಳದ ಕೂದಲಿನ ಬಣ್ಣ, ಎರಡು ಜಡೆ. ಅದನ್ನು ಯಾರು ಹಾಕಿದರೆಂದು ಅಲ್ಲಿ ಯಾರೂ ಕೇಳಿದ್ದನ್ನು ನಾನು ಕಂಡಿಲ್ಲ.

ಇದರ ಬೇರು ಹುಡುಕುತ್ತಾ ಹೋದರೆ ತೊಟ್ಟಿಲಿನ ಹತ್ತಿರ ಬಂದು ನಿಲ್ಲುತ್ತೇವೆ. 1974ರಲ್ಲೇ ಸ್ವೀಡನ್ ಹೆರಿಗೆ ರಜೆಯನ್ನು ಪೋಷಕರ ರಜೆಯಾಗಿ ಬದಲಿಸಿ ತಂದೆಗೂ ಬಾಗಿಲು ತೆರೆಯಿತು. ಮೊದಮೊದಲು ಗಂಡಸರು ಆ ಕಡೆ ತಲೆ ಹಾಕಲಿಲ್ಲ, ಎಲ್ಲ ದಿನಗಳನ್ನೂ ಹೆಂಡತಿಗೇ ಬರೆದುಕೊಟ್ಟರು. 1995ರಲ್ಲಿ ಸರ್ಕಾರ ಒಂದು ತಿಂಗಳನ್ನು ಕಟ್ಟಿಹಾಕಿತು: ಅಪ್ಪ ತೆಗೆದುಕೊಂಡರೆ ಉಂಟು, ಇಲ್ಲದಿದ್ದರೆ ಹೋಯಿತು. ಈಗ ಒಂದು ಮಗುವಿಗೆ 480 ದಿನಗಳ ರಜೆ, ಅದರಲ್ಲಿ ತಲಾ 90 ದಿನ ಒಬ್ಬರಿಂದ ಇನ್ನೊಬ್ಬರಿಗೆ ದಾಟುವುದಿಲ್ಲ. ಹಾಗಾಗಿ ಮದುವೆ ಮುರಿಯುವ ಹೊತ್ತಿಗೆ ಅಪ್ಪನಿಗೆ ಮಗುವಿನ ಗಂಜಿ, ಭೇದಿ, ಹಟ ಎಲ್ಲವೂ ಪಾಠವಾಗಿರುತ್ತದೆ. ನಮ್ಮಲ್ಲಿ ಕೇಂದ್ರ ಸರ್ಕಾರದ ನೌಕರನಿಗೆ ಪಿತೃತ್ವ ರಜೆ 15 ದಿನ. ತೋಟದವನಿಗೆ ರಜೆಯ ಪ್ರಶ್ನೆಯೇ ಇಲ್ಲ, ಆದರೆ ಅವನು ಬೆಳಗಿನಿಂದ ರಾತ್ರಿಯವರೆಗೆ ಮನೆಯ ಸುತ್ತಲೇ ಇರುತ್ತಾನೆ. ಇದನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕೊಯ್ಲಿನ ರಾತ್ರಿಗಳಲ್ಲಿ ಅಡಿಕೆ ಬೇಯಿಸುವ ಹಂಡೆಯ ಮುಂದೆ ಈ ಹುಡುಗ ಮಗಳನ್ನು ಮಡಿಲಲ್ಲಿ ಮಲಗಿಸಿಕೊಂಡು ಬೆಂಕಿ ನೋಡಿಕೊಳ್ಳುತ್ತಿದ್ದುದು ನನಗೆ ಗೊತ್ತು. ಅಡಿಕೆ ಹಾಳೆಯಲ್ಲಿ ಕೂರಿಸಿ ಅಂಗಳದ ತುಂಬ ಎಳೆದಿದ್ದಾನೆ. ಜಗಲಿಯ ಹಿರಿಯರೂ ಅದನ್ನು ನೋಡಿ ನಕ್ಕವರೇ. ಆಗ ಅದು ಆಟ ಎನಿಸಿತ್ತು, ಸಾಕುವುದು ಎನಿಸಿರಲಿಲ್ಲ.

ಕಾನೂನಿನ ವಿನೋದ ಇನ್ನೊಂದು. 1956ರ ಹಿಂದೂ ಅಪ್ರಾಪ್ತ ವಯಸ್ಕರ ಮತ್ತು ಪೋಷಕತ್ವ ಕಾಯ್ದೆಯ 6ನೇ ಕಲಂ ತಂದೆಯನ್ನೇ ಸ್ವಾಭಾವಿಕ ಪೋಷಕ ಎನ್ನುತ್ತದೆ, ತಾಯಿ ಅವನ ನಂತರ. ಆ ‘ನಂತರ’ಕ್ಕೆ ‘ಅವನು ಸತ್ತ ಮೇಲೆ’ ಎಂದೇ ಅರ್ಥ ಹಿಡಿಯಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 1999ರಲ್ಲಿ ಬಿಡಿಸಿ ಹೇಳಬೇಕಾಯಿತು. ಅದೇ ಕಲಂ, ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕು ಎಂದೂ ಹೇಳುತ್ತದೆ. ಒಟ್ಟಿನಲ್ಲಿ ಸಹಿ ಅಪ್ಪನದು, ಸ್ನಾನ ಅಮ್ಮನದು. ನನ್ನ ತಮ್ಮನಿಗೆ ಸಹಿಯ ಮೇಲೆ ಆಸೆಯಿಲ್ಲ. ಅವನು ಕೇಳುತ್ತಿರುವುದು ಸ್ನಾನದಲ್ಲಿ ಅರ್ಧ.

ಹೆಂಡತಿ ಮನೆ ಬಿಟ್ಟಾಗ ಮಗುವಿಗೆ ನಾಲ್ಕು. ಐದು ತುಂಬಲಿ, ಆಮೇಲೆ ಗಟ್ಟಿಯಾಗಿ ಕೇಳೋಣ ಎಂದರು ವಕೀಲರು. ಕಾದ. ವಾಯಿದೆಯ ಮೇಲೆ ವಾಯಿದೆ ಬಿದ್ದು ಐದು ತುಂಬಿತು. ಅಷ್ಟರಲ್ಲಿ ಮಗು ಶಿವಮೊಗ್ಗದ ಶಾಲೆಗೆ ಸೇರಿಯಾಗಿತ್ತು. ಈಗ ಎದುರು ಪಕ್ಷದ ವಾದ: ಮಗು ಅಲ್ಲಿಗೆ ಹೊಂದಿಕೊಂಡಿದೆ, ಕೀಳಬಾರದು. ಮೊದಲು ಚಿಕ್ಕದು ಎಂದು ಕೊಡಲಿಲ್ಲ, ಆಮೇಲೆ ಬೇರು ಬಿಟ್ಟಿದೆ ಎಂದು ಕೊಡುವುದಿಲ್ಲ. ಮಧ್ಯಂತರ ಆದೇಶದ ಪ್ರಕಾರ ಅವನ ಪಾಲಿಗೆ ಬಂದದ್ದು ಎರಡನೇ ಮತ್ತು ನಾಲ್ಕನೇ ಶನಿವಾರ, ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕು. ಈ ಸಲದ ಎಳ್ಳಮಾವಾಸ್ಯೆ ಜಾತ್ರೆ ಆ ಶನಿವಾರಗಳಿಗೆ ಬೀಳಲಿಲ್ಲ. ಭೂಮಿ ಹುಣ್ಣಿಮೆಯೂ ಬಿದ್ದಿರಲಿಲ್ಲ. ಪಂಚಾಂಗ ಬರೆಯುವವರು ನ್ಯಾಯಾಲಯದ ಆದೇಶ ನೋಡಿ ಬರೆಯುವುದಿಲ್ಲವಲ್ಲ.

ಜಂಟಿ ಸುಪರ್ದಿ ಎಂಬುದು ಇವನು ಹುಟ್ಟಿಸಿಕೊಂಡ ಕನಸೇನೂ ಅಲ್ಲ. 2015ರಲ್ಲಿ ಕಾನೂನು ಆಯೋಗ ತನ್ನ 257ನೇ ವರದಿಯಲ್ಲಿ ಅದನ್ನು ಕಾಯ್ದೆಗೆ ಸೇರಿಸಿ ಎಂದು ಶಿಫಾರಸು ಮಾಡಿತು. ಅದಕ್ಕೂ ಮೊದಲೇ, 2013ರಲ್ಲಿ, ನಮ್ಮದೇ ಕರ್ನಾಟಕ ಹೈಕೋರ್ಟ್ ಒಂದು ಪ್ರಕರಣದಲ್ಲಿ ವರ್ಷವನ್ನೇ ಸೀಳಿ ಹಂಚಿತ್ತು: ಜನವರಿ 1ರಿಂದ ಜೂನ್ 30 ತಂದೆಗೆ, ಜುಲೈ 1ರಿಂದ ಡಿಸೆಂಬರ್ 31 ತಾಯಿಗೆ, ಖರ್ಚು ಸಮಸಮ, ಶನಿವಾರ ಭಾನುವಾರ ಇನ್ನೊಬ್ಬರಿಗೆ ಭೇಟಿ. ನಾನು ಉತ್ಸಾಹದಿಂದ ಇದನ್ನು ಹೇಳಿದಾಗ ತಮ್ಮ ಸ್ವಲ್ಪ ಹೊತ್ತು ಯೋಚಿಸಿ, “ಹಾಗಾದರೆ ನಮ್ಮ ಮಳೆಗಾಲವನ್ನು ಅವಳು ಪೂರ್ತಿ ನೋಡುವುದೇ ಇಲ್ಲ” ಎಂದ. ಮಲೆನಾಡಿನವನಿಗೆ ಅರ್ಧ ವರ್ಷ ಎಂದರೆ ಆರು ತಿಂಗಳು ಎಂದಷ್ಟೇ ಅಲ್ಲ.

ನಾನಿದ್ದಾಗ ಬಂದ ಶನಿವಾರ ಅವನ ಜೊತೆ ಹೋದೆ. ಆರು ಗಂಟೆಗಳ ಅಪ್ಪನಿಗೆ ಶಿವಮೊಗ್ಗದಲ್ಲಿ ಹೋಗಲು ಹೆಚ್ಚು ಜಾಗಗಳಿಲ್ಲ. ತ್ಯಾವರೆಕೊಪ್ಪದ ಸಿಂಹಗಳು ಎರಡು ಸಲ ಆಗಿವೆ. ಉಳಿದದ್ದೆಲ್ಲ ಸಕ್ರೆಬೈಲು. ತೀರ್ಥಹಳ್ಳಿ ರಸ್ತೆಯಲ್ಲಿ ಹದಿನಾಲ್ಕು ಕಿಲೋಮೀಟರ್, ತುಂಗೆಯ ಹಿನ್ನೀರಿನಲ್ಲಿ ಆನೆಗಳ ಸ್ನಾನ. ಮಧ್ಯಾಹ್ನಕ್ಕೆ ಮೊದಲೇ ಆನೆಗಳು ಕಾಡಿನ ಕಡೆ ಹೊರಡುತ್ತವೆ, ಆಮೇಲೆ ಹೋಟೆಲಿನ ಊಟ, ಆಮೇಲೆ ಕಾರಿನಲ್ಲೇ ಕಾಲಹರಣ. ಮಾವುತರಲ್ಲೊಬ್ಬರು ಮಗುವಿನ ಗುರುತು ಹಿಡಿದು ಕೈ ಎತ್ತಿದರು. ಮಗು ಕೂಡ ಕಚೇರಿಗೆ ಹೋಗುವವರ ಹಾಗೆ ಕೈ ಎತ್ತಿತು. ದಡದಲ್ಲಿ ಮರಿಯೊಂದು ತಾಯಿಯ ಹೊಟ್ಟೆಯ ಕೆಳಗೆ ನುಗ್ಗುತ್ತಿತ್ತು. ಸಲಗ ದೂರದಲ್ಲಿ ಒಂಟಿಯಾಗಿ ನಿಂತಿತ್ತು. “ನೋಡು, ಇಲ್ಲೂ ಅದೇ ಆದೇಶ” ಎಂದ ತಮ್ಮ.

ನೀರಿಗೆ ಹತ್ತಿರ ಹೋದ ಮಗು ಸೊಂಡಿಲಿನ ನೀರು ಸಿಡಿಸಿಕೊಂಡು ಬಂದಿತು. ರಿಬ್ಬನ್ ಕಳಚಿ ಒಂದು ಜಡೆ ಬಿಚ್ಚಿಹೋಗಿತ್ತು. ಇವನು ಅವಳನ್ನು ಒಂದು ಕಲ್ಲಿನ ಮೇಲೆ ಕೂರಿಸಿದ. ಅಂಗಿಯ ಜೇಬಿನಿಂದ ಕರವಸ್ತ್ರ ತೆಗೆದು ಬಿಚ್ಚಿದ. ಒಳಗೆ ಬಾಚಣಿಗೆ, ನಾಲ್ಕು ಪಿನ್ನು, ಇಸ್ತ್ರಿ ಮಾಡಿದ ಹಾಗೆ ಮಡಚಿದ ಒಂದು ಜೊತೆ ಕೆಂಪು ರಿಬ್ಬನ್. ಒದ್ದೆ ಕೂದಲನ್ನು ಕರವಸ್ತ್ರದಿಂದಲೇ ಒತ್ತಿ, ತುದಿಯಿಂದ ಸಿಕ್ಕು ಬಿಡಿಸಿಕೊಂಡು ಮೇಲಕ್ಕೆ ಬಂದ. ಕೊಯ್ಲಿನ ಕಾಲ, ಬೆರಳೆಲ್ಲ ಅಡಿಕೆಯ ಚೊಗರಿಗೆ ಕಪ್ಪಾಗಿತ್ತು. ಆ ಬೆರಳುಗಳು ಮೂರು ಕಾಲು ಮಾಡಿ, ಒಂದರ ಮೇಲೊಂದು ಹಾಕುತ್ತಾ, ಕೊನೆಯಲ್ಲಿ ರಿಬ್ಬನ್ ಸೇರಿಸಿ ಮೇಲಕ್ಕೆ ಮಡಚಿ ಕಟ್ಟಿದವು. ಅವಳ ಅಮ್ಮ ಬೆಳಿಗ್ಗೆ ಹಾಕಿದ್ದ ಇನ್ನೊಂದು ಜಡೆಗಿಂತ ಇದು ತುಸು ಬಿಗಿ, ಅಷ್ಟೇ ವ್ಯತ್ಯಾಸ. ಎಲ್ಲಿ ಕಲಿತೆ ಎಂದೆ. “ಕೊಟ್ಟಿಗೆಯಲ್ಲಿ ಹಗ್ಗದ ಮೇಲೆ” ಎಂದ. ಅಂದು ಜಗಲಿಯಲ್ಲಿ ಅಷ್ಟು ಜನರ ಮುಂದೆ ಇದನ್ನೇಕೆ ಹೇಳಲಿಲ್ಲ ಎಂದು ನನಗೆ ರೇಗಿತು. ಅವನು ಬಾಚಣಿಗೆಯಲ್ಲಿ ಸಿಕ್ಕಿದ್ದ ಕೂದಲನ್ನು ಬಿಡಿಸಿ ಸುರುಳಿ ಸುತ್ತುತ್ತಾ, “ಹೇಳಿದ್ದರೆ ನಗುತ್ತಿದ್ದರು” ಎಂದ.

ಇಲ್ಲಿಗೇ ನಿಲ್ಲಿಸಿದ್ದರೆ ಸ್ವೀಡನ್ ಗೆದ್ದಂತೆ, ನನಗೂ ಸಮಾಧಾನ. ಆದರೆ ನಾಲ್ಕು ಗಂಟೆಗೆ ಮಗುವನ್ನು ಗೇಟಿನ ಬಳಿ ಬಿಡಲು ಹೋದಾಗ ಮಗುವಿನ ಅಮ್ಮ ಹೊರಗೆ ಬಂದಳು. ತಮ್ಮ ಕಾರಿನಲ್ಲೇ ಉಳಿದ. ನಾನು ಎರಡು ಮಾತಾಡಿದೆ, ಬುದ್ಧಿ ಹೇಳುವ ಧಾಟಿಯಲ್ಲಿಯೇ ಆಡಿರಬೇಕು. ಅವಳು ಕೇಳಿಸಿಕೊಂಡು, “ಭಾವ, ಆ ಮನೆಯಿಂದ ನಾನು ಎತ್ತಿಕೊಂಡು ಬಂದದ್ದು ಇವಳೊಬ್ಬಳನ್ನೇ. ಅವರಿಗೆ ತೋಟವಿದೆ, ಮನೆಯಿದೆ, ಮಾತಾಡುವುದಕ್ಕೆ ಜಗಲಿಯಿದೆ. ನನ್ನ ಹತ್ತಿರ ಇರುವುದರಲ್ಲಿ ಅರ್ಧ ಕೇಳುತ್ತಾರಲ್ಲ, ಅವರ ಹತ್ತಿರ ಇರುವುದರಲ್ಲಿ ಅರ್ಧ ಕೊಡುತ್ತಾರೆಯೇ?” ಎಂದಳು. ನನ್ನ ಬಳಿ ಉತ್ತರವಿರಲಿಲ್ಲ.

ನನ್ನ ಸಹೋದ್ಯೋಗಿ ಮತ್ತು ಅವನ ಮಾಜಿ ಹೆಂಡತಿಯ ಮನೆಗಳ ನಡುವೆ ಟ್ರಾಮಿನ ನಾಲ್ಕು ನಿಲ್ದಾಣಗಳಿವೆ. ಇಬ್ಬರಿಗೂ ಸಂಬಳವಿದೆ. ಮದುವೆ ಮುರಿದ ಮೇಲೂ ಅವಳು ಅದೇ ಅಂಗಡಿಗೆ, ಅದೇ ಗ್ರಂಥಾಲಯಕ್ಕೆ ತಲೆಯೆತ್ತಿ ಹೋಗುತ್ತಾಳೆ. ಇಲ್ಲಿ ತೀರ್ಥಹಳ್ಳಿ ದಾಟಿ ಆಗುಂಬೆ ಕಡೆಯ ಒಂಟಿಮನೆಗೂ ಶಿವಮೊಗ್ಗಕ್ಕೂ ಎಪ್ಪತ್ತೈದು ಕಿಲೋಮೀಟರ್. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಇಲ್ಲ, ಮೊಬೈಲ್ ಹಿಡಿದು ಗುಡ್ಡ ಹತ್ತಬೇಕು. ಪೇಟೆಯಲ್ಲಿ ಬೆಳೆದ ಹುಡುಗಿ ಒಂದು ಬಾಡಿಗೆ ಮನೆ ಮಾಡೋಣ ಎಂದು ಆರು ವರ್ಷ ಕೇಳಿದಳಂತೆ. ಇವನು ತೋಟ ಬಿಟ್ಟು ಬರಲಾರೆ ಎಂದ. ನಾನೇ ತೋಟ ಬಿಟ್ಟು ಹೋದವನು, ಯಾರ ಪರ ಮಾತಾಡಲಿ? ಜೀವನಾಂಶ ಕಡಿಮೆ ಮಾಡಿಸುವುದಕ್ಕೆಂದೇ ಮಗುವನ್ನು ಕೇಳುವ ಅಪ್ಪಂದಿರೂ ಉಂಟು. ನಮ್ಮ ಜಗಲಿಗೂ ಅಂಥವರ ಪರಿಚಯವಿದೆ.

ಸ್ವೀಡನ್ನಿನದೂ ಹಾಲುಜೇನಿನ ಕಥೆಯಲ್ಲ. ಒಬ್ಬರು ಒಪ್ಪದಿದ್ದರೂ ನ್ಯಾಯಾಲಯ ಜಂಟಿ ಸುಪರ್ದಿ ಕೊಡಬಹುದು ಎಂದು 1998ರಲ್ಲಿ ಮಾಡಿದರು. ಜಗಳವಾಡುವ ಇಬ್ಬರ ನಡುವೆ ಮಕ್ಕಳು ಹಣ್ಣಾಗುವುದು ಕಂಡು, ಇಬ್ಬರಿಗೂ ಕೂಡಿ ನಡೆಯುವ ಶಕ್ತಿ ಇದೆಯೇ ಎಂದು ಮೊದಲು ನೋಡಿ ಎಂದು 2006ರಲ್ಲಿ ತಿದ್ದಿದರು. ನನ್ನ ಸಹೋದ್ಯೋಗಿಯ ಮಗಳು ಒಮ್ಮೆ ಬಟ್ಟೆಯ ಮೊಲವನ್ನು ಅಮ್ಮನ ಮನೆಯಲ್ಲಿ ಮರೆತು, ರಾತ್ರಿ ಒಂಬತ್ತಕ್ಕೆ ಅದಕ್ಕಾಗಿ ಇಬ್ಬರೂ ಟ್ರಾಮ್ ಹತ್ತಿದ್ದರಂತೆ. ಅಪ್ಪನ ವಾರ ಮುಗಿದ ಶುಕ್ರವಾರ ಅವನು ಮನೆಗೆ ಹೋಗಲು ಮನಸ್ಸಾಗದೆ ಕಚೇರಿಯಲ್ಲೇ ಕುಳಿತಿರುತ್ತಾನೆ. ಎರಡೂ ಮನೆಯಲ್ಲಿ ಅಜ್ಜಿಯಿಲ್ಲ. ನಮ್ಮಲ್ಲಿ ಜಡೆ ಹಾಕುವವರು ಯಾರೆಂದು ಕೇಳುವವರಾದರೂ ಇದ್ದಾರೆ ಎಂದು ಹೊಟ್ಟೆಯಲ್ಲಿ ಹುಳಿಯಿಟ್ಟುಕೊಂಡೇ ಒಪ್ಪುತ್ತೇನೆ. ಅಷ್ಟಾಗಿಯೂ ಎರಡು ಶನಿವಾರ ಒಬ್ಬ ಅಪ್ಪನಿಗೆ ಸಾಕು ಎಂದರೆ ಮಾತ್ರ ಒಪ್ಪುವುದಿಲ್ಲ.

ಗೇಟು ದಾಟಿ ಹೋದ ಮಗು ತಿರುಗಿ ಓಡಿ ಬಂದು ಕಾರಿನ ಕಿಟಕಿ ತಟ್ಟಿತು. ಮುಂದಿನ ಸಲ ಆನೆ ಬೇಡವಂತೆ. ಮನೆಯಲ್ಲಿ ಬೆಕ್ಕು ಮೂರು ಮರಿ ಹಾಕಿದೆ ಎಂದು ಅಪ್ಪ ಹೇಳಿದ್ದಾನಲ್ಲ, ಅವುಗಳನ್ನು ನೋಡಬೇಕಂತೆ. ಗಾಜನೂರು ದಾಟುವವರೆಗೆ ತಮ್ಮ ಮಾತಾಡಲಿಲ್ಲ. ಆಮೇಲೆ ಲೆಕ್ಕ ಶುರು ಮಾಡಿದ. ಹತ್ತಕ್ಕೆ ಹೊರಟರೆ ಹನ್ನೆರಡಕ್ಕೆ ಮನೆ. ವಾಪಸು ಎರಡಕ್ಕೆ ಬಿಡಬೇಕು. ಊಟಕ್ಕೆ ಅರ್ಧ ಗಂಟೆ, ಅಮ್ಮ ಎದುರು ಕೂತು ಅಳುವುದಕ್ಕೆ ಕಾಲು ಗಂಟೆ. ಉಳಿದದ್ದು ಒಂದೂಕಾಲು ಗಂಟೆ.

“ಅಷ್ಟರೊಳಗೆ ಬೆಕ್ಕು ಮರಿಗಳ ಜಾಗ ಬದಲಿಸಿರದಿದ್ದರೆ ಸಾಕು” ಎಂದ.