ಮೇಲೆ ಕಾನೂನು, ಕೆಳಗೆ ಮೊಣಕಾಲು

ವಾಟರ್ ಪೋಲೊ ಎಂದರೆ ಈಜುತ್ತಲೇ ಚೆಂಡನ್ನು ಎದುರಾಳಿಯ ಗೋಲಿನೊಳಗೆ ಎಸೆಯುವ ಆಟ. ಅದರ ಅಂತರರಾಷ್ಟ್ರೀಯ ಪಂದ್ಯ ಶುರುವಾಗುವ ಮುನ್ನ ಉಗುರು ಪರೀಕ್ಷೆ ಎಂಬ ಶಾಸ್ತ್ರವೊಂದಿದೆ. ದೇಶದ ಮಾನ ಹೊತ್ತ, ಬಾಗಿಲಗಲದ ಎದೆಯ ಆಟಗಾರರು ಒಂದನೇ ಕ್ಲಾಸಿನ ಮಕ್ಕಳಂತೆ ಬೆರಳು ಚಾಚಿ ನಿಲ್ಲುತ್ತಾರೆ. ಮೈಗೆ ಎಣ್ಣೆ ಸವರಿರಬಾರದು, ಉಂಗುರ, ಸರ ಇರಬಾರದು. ಹೀಗೆ ಅಹಿಂಸೆ ಖಾತ್ರಿಯಾದ ಮೇಲೆ ತಂಡಕ್ಕೆ ಏಳು ಮಂದಿಯಂತೆ ನೀರಿಗಿಳಿದು ಒಬ್ಬರನ್ನೊಬ್ಬರು ಮುಳುಗಿಸಲು ತೊಡಗುತ್ತಾರೆ. ಚಡ್ಡಿ ಚರ್ಮದಷ್ಟು ಬಿಗಿಯಾಗಿರಬೇಕು. ಸಡಿಲವಾದರೆ ಅದು ಎದುರಾಳಿಗೆ ಒಳ್ಳೆಯ ಹಿಡಿಕೆ.

ನಿಯಮ ಮಾತ್ರ ಬಲು ಸೂಕ್ಷ್ಮ. ಚೆಂಡು ನಿಮ್ಮ ಕೈಯಲ್ಲಿದ್ದರೆ ನಿಮ್ಮನ್ನು ಹಿಡಿದೆಳೆದು ಮುಳುಗಿಸುವುದು ಆಟ. ಕೈಬಿಟ್ಟಿರೋ, ಅದೇ ಕೆಲಸ ಅಪರಾಧ: ಮಾಡಿದವನು ಸುಮಾರು 20 ಸೆಕೆಂಡು ಹೊರಗೆ, ಅಂಥವು ಮೂರಾದರೆ ಆ ಪಂದ್ಯಕ್ಕೇ ಶರಣು. ಅಷ್ಟು ಹೊತ್ತು ಆರು ದಾಳಿಕಾರರ ಎದುರು ಗೋಲಿಯ (ಗೋಲು ಕಾಯುವವನ) ಜೊತೆ ಐವರೇ. ಹಾಗಾಗಿ ಎದುರಾಳಿ ಗೋಲಿಗೆ ಎರಡು ಮೀಟರಿನಾಚೆ ಬೆನ್ನು ಹಾಕಿ ಕೂರುವ ಸೆಂಟರ್ ಫಾರ್ವರ್ಡ್‌ನ ದೊಡ್ಡ ವಿದ್ಯೆ ಗೋಲು ಹೊಡೆಯುವುದಕ್ಕಿಂತ ಮುಹೂರ್ತ ನೋಡಿ ಮುಳುಗುವುದು. ಚೆಂಡು ಬಂತು, ಮುಟ್ಟಿದ, ಬಿಟ್ಟ, ಕೈಗಳೆರಡೂ ಆಕಾಶಕ್ಕೆ, ಬಾಯಿ ತೆರೆದು ಬುಳುಕ್. ಅರೆ ಸೆಕೆಂಡು ತಡವಾಗಿ ಬಿಟ್ಟರೆ ಅವನು ನಿಜವಾಗಿಯೇ ಮುಳುಗುತ್ತಾನೆ, ಸೀಟಿ ಮಾತ್ರ ಊದುವುದಿಲ್ಲ. ಇನ್ನೂ ಸೊಗಸೆಂದರೆ, ಎದುರಾಳಿಯೇ ಅವನ ಕೈಯನ್ನು ಒತ್ತಿ ಚೆಂಡನ್ನು ನೀರೊಳಗೆ ತಳ್ಳಿದರೂ ತಪ್ಪು ಚೆಂಡು ಹಿಡಿದವನದೇ. ಜೇಬು ಕತ್ತರಿಸಿಕೊಂಡವನಿಗೇ ದಂಡ!

ಈ ಸೆಂಟರ್ ಫಾರ್ವರ್ಡ್‌ಗೆ ಕಾವಲು ನಿಲ್ಲುವ ಎದುರಾಳಿಯ ಅಭಿನಯ ಇದಕ್ಕೆ ಉಲ್ಟಾ. ಬೆರಳಿಟ್ಟರೂ ಕಚ್ಚಲು ಬಾರದ ಮುಖ ಮಾಡಿ ಅಂಗೈಗಳನ್ನು ನೀರಿನ ಮೇಲೆ ತೋರಿಸುತ್ತಾನೆ. ಕೊಳದ ಆಳ ಕನಿಷ್ಠ 1.8 ಮೀಟರ್, ತಳ ಮುಟ್ಟುವಂತಿಲ್ಲ. ಕಾಲುಗಳು ಎಗ್‌ಬೀಟರ್ (ಮೊಟ್ಟೆ ಕಡೆಯುವ ಯಂತ್ರ) ಶೈಲಿಯಲ್ಲಿ ಒಂದಾದ ಮೇಲೊಂದು ಸುತ್ತುತ್ತಲೇ ಇರಬೇಕು. ಸುತ್ತುವ ಕಾಲಿನ ಮೊಣಕಾಲು ಯಾರದೋ ಪಕ್ಕೆಲುಬಿಗೆ ತಾಗಿದರೆ ಪಾಪ, ಅವನೇನು ಮಾಡಿಯಾನು?

ಇದನ್ನೆಲ್ಲ ಹಿಡಿಯಬೇಕಾದ ರೆಫರಿಗಳು ಇಬ್ಬರು, ಇಬ್ಬರೂ ಕೊಳದ ದಂಡೆಯ ಮೇಲೆ ಒಣಬಟ್ಟೆಯಲ್ಲಿ ಅತ್ತಿಂದಿತ್ತ ನಡೆಯುತ್ತಿರುತ್ತಾರೆ. ಅವರಿಗೆ ಕಾಣುವುದು ನೊರೆ, ದೀಪದ ಪ್ರತಿಬಿಂಬ ಮತ್ತು ಹದಿನಾಲ್ಕು ಟೋಪಿಗಳು. ನೀರೊಳಗಿನ ಕ್ಯಾಮೆರಾ ಇದೆಯಲ್ಲ ಎನ್ನುತ್ತೀರಿ. ಇದೆ, ಮನೆಯ ಸೋಫಾದಲ್ಲಿ ಕೂತವನಿಗಾಗಿ. ಯಾರು ಯಾರ ಚಡ್ಡಿ ಜಗ್ಗಿದರೆಂದು ಅವನಿಗೆ ನಿಧಾನಗತಿಯಲ್ಲಿ, ಬೇಕಾದರೆ ಎರಡು ಸಲ ತೋರಿಸುತ್ತಾರೆ. ವಿಡಿಯೊ ಮರುಪರಿಶೀಲನೆಯೂ ಬಂದಿದೆ, ಆದರೆ ಪ್ರತಿ ಜಗ್ಗಾಟಕ್ಕೂ ಅದನ್ನು ಕೇಳುತ್ತ ಕೂತರೆ ಎಂಟು ನಿಮಿಷದ ಒಂದು ಕ್ವಾರ್ಟರ್ ಮುಗಿಯುವಷ್ಟರಲ್ಲಿ ಆಟಗಾರರಿಗೆ ಕಿವಿರು ಮೂಡಬೇಕು.

ಇಷ್ಟಾದರೂ ಲೋಕಕ್ಕೆಲ್ಲ ನೆನಪಿರುವುದು 1956ರ ಡಿಸೆಂಬರ್ 6ರ ಮೆಲ್ಬರ್ನ್ ಒಲಿಂಪಿಕ್ಸ್ ಪಂದ್ಯ. ಬುಡಾಪೆಸ್ಟಿನಲ್ಲಿ ಸೋವಿಯತ್ ಟ್ಯಾಂಕುಗಳು ಬಂಡಾಯ ಹತ್ತಿಕ್ಕಿ ತಿಂಗಳಾಗಿತ್ತಷ್ಟೆ. ಕೊಳದಲ್ಲಿ ಹಂಗೇರಿ ಅದೇ ಸೋವಿಯತ್ ತಂಡದ ಎದುರು 4–0 ಮುಂದಿತ್ತು. ಕೊನೆಯ ನಿಮಿಷಗಳಲ್ಲಿ ಸೋವಿಯತ್ ಆಟಗಾರನೊಬ್ಬ ಹಂಗೇರಿಯ ಎರ್ವಿನ್ ಜಾಡೋರ್ ಮುಖಕ್ಕೆ ಬಾರಿಸಿದ, ಕಣ್ಣಿನ ಬಳಿ ಒಡೆದು ರಕ್ತ ಸುರಿಯಿತು, ಪ್ರೇಕ್ಷಕರು ರೊಚ್ಚಿಗೆದ್ದರು, ಪಂದ್ಯ ಅಲ್ಲಿಗೇ ನಿಂತಿತು. ಅದೇ ಕೈ ಒಂದು ಮೊಳ ಕೆಳಗೆ ಬೀಸಿದ್ದರೆ ರೆಫರಿ 'ಆಟ ಮುಂದುವರಿಯಲಿ' ಎನ್ನುತ್ತಿದ್ದರು.