ಕಡಲಿಗೆ ಕಲ್ಲು ಹಾಕುವ ಶಾಸ್ತ್ರ

ಕಡಲ ಮಟ್ಟ ಯಾಕೆ ಏರುತ್ತಿದೆ ಎಂಬ ಪ್ರಶ್ನೆಗೆ 2018ರ ಮೇ ತಿಂಗಳಲ್ಲಿ ಅಮೆರಿಕದ ಸಂಸತ್ತಿನಲ್ಲಿ ಉತ್ತರ ಸಿಕ್ಕಿಬಿಟ್ಟಿತು. ಕೆಳಮನೆಯ ವಿಜ್ಞಾನ ಸಮಿತಿಯ ಮುಂದೆ ಕೂತಿದ್ದ ಹವಾಮಾನ ವಿಜ್ಞಾನಿಗೆ ಅಲಬಾಮಾದ ಪ್ರತಿನಿಧಿ ಮೋ ಬ್ರೂಕ್ಸ್ ಸಾಹೇಬರು ಪಾಠ ಮಾಡಿದರು. ದಡದ ಮಣ್ಣು, ಕಲ್ಲು ಜರಿದು ಸಮುದ್ರಕ್ಕೆ ಬೀಳುತ್ತದಲ್ಲ, ತಳ ತುಂಬುತ್ತದಲ್ಲ, ಆಗ ನೀರಿಗೆ ಜಾಗ ಸಾಲದೆ ಮೇಲೇರುತ್ತದಲ್ಲ! ಕ್ಯಾಲಿಫೋರ್ನಿಯಾದ ಕರಾವಳಿಯನ್ನೂ ಇಂಗ್ಲೆಂಡಿನ ಡೋವರ್ ಬಿಳಿಬಂಡೆಗಳನ್ನೂ ಸಾಕ್ಷಿಗೆ ಕರೆದರು. ವಿಜ್ಞಾನಿ ಸಭ್ಯ ಮನುಷ್ಯ. ಮನುಷ್ಯರ ಆಯುಷ್ಯದ ಅಳತೆಯಲ್ಲಿ ಅದರ ಪರಿಣಾಮ ತೀರಾ ಅತ್ಯಲ್ಪ ಎಂಬರ್ಥದ ಒಂದು ಮಾತು ಹೇಳಿ ಮುಗಿಸಿದರು.

ಕರಾವಳಿಯ ನಾವು ಅಷ್ಟು ಬೇಗ ಬಿಡುವವರಲ್ಲ. ಕಲ್ಲಿನ ವಿಷಯ ಬಂದರೆ ನಮ್ಮ ತಲೆ ಲೋಡಿನಲ್ಲೇ ಲೆಕ್ಕ ಹಾಕುತ್ತದೆ. ಭೂಮಿಯ ಸಮುದ್ರಗಳ ವಿಸ್ತೀರ್ಣ ಸುಮಾರು 36 ಕೋಟಿ ಚದರ ಕಿಲೋಮೀಟರ್. ಅಷ್ಟೂ ನೀರು ಒಂದು ಮಿಲಿಮೀಟರ್ ಏರಬೇಕಾದರೆ 360 ಘನ ಕಿಲೋಮೀಟರ್ ಸಾಮಾನು ಒಳಗೆ ಬೀಳಬೇಕು. ಉಪಗ್ರಹಗಳು 1993ರಿಂದ ಅಳೆಯುತ್ತಿವೆ. ಕಡಲು ಸರಾಸರಿ ವರ್ಷಕ್ಕೆ 3 ಮಿಲಿಮೀಟರ್‌ಗಿಂತ ಸ್ವಲ್ಪ ಹೆಚ್ಚೇ ಏರಿದೆ, ಈಚಿನ ವರ್ಷಗಳಲ್ಲಿ 4 ದಾಟಿದೆ. ಬರೀ 3 ಎಂದೇ ಹಿಡಿಯೋಣ. ಒಂದು ಟಿಪ್ಪರಿಗೆ 10 ಘನ ಮೀಟರ್ ಹಿಡಿಸಿದರೆ ವರ್ಷಕ್ಕೆ 10,000 ಕೋಟಿ ಲೋಡು ದಾಟುತ್ತದೆ. ತೊಟ್ಟಿಲ ಕೂಸನ್ನೂ ಸೇರಿಸಿ ಭೂಮಿಯ ಮೇಲಿನ ಪ್ರತಿ ಮನುಷ್ಯನ ಹೆಸರಿಗೆ ಹನ್ನೆರಡು ಹದಿಮೂರು ಟಿಪ್ಪರ್ ಕಲ್ಲು, ಪ್ರತಿ ವರ್ಷ. ಇಷ್ಟು ದೊಡ್ಡ ಕಾಮಗಾರಿ ನಡೆಯುತ್ತಿದ್ದರೆ ನಮ್ಮ ಜಿಲ್ಲೆಯ ಗುತ್ತಿಗೆದಾರರ ಕಿವಿಗೆ ಬೀಳದೆ ಇರುತ್ತಿತ್ತೇ?

ಬ್ರೂಕ್ಸ್ ಸಾಹೇಬರನ್ನು ಒಮ್ಮೆ ಮಳೆಗಾಲದಲ್ಲಿ ಉಳ್ಳಾಲಕ್ಕೆ ಕರೆಸಬೇಕಿತ್ತು. ಅವರ ಪ್ರಕಾರ ಕಲ್ಲು ಬಿದ್ದು ಕಡಲು ಏರುತ್ತದೆ. ನಾವು ಕಡಲು ಏರದಿರಲಿ ಎಂದೇ ಕಲ್ಲು ಹಾಕುತ್ತೇವೆ. ಎರಡು ಸಿದ್ಧಾಂತಗಳೂ ಒಂದೇ ಕೋರೆಯ ಕಲ್ಲಿನ ಮೇಲೆ ನಿಂತಿವೆ.

ಜೂನ್ ತಿಂಗಳು, ಕಡಲು ಎದ್ದಿದೆ. ತೀರದ ರಸ್ತೆಯ ಅರ್ಧ ಹೋಗಿದೆ, ಒಂದು ಮನೆಯ ಅಡುಗೆಕೋಣೆಗೆ ಈಗ ಮೂರೇ ಗೋಡೆ. ಸಾಲಾಗಿ ಬಿಳಿ ಕಾರುಗಳು ಬಂದು ನಿಲ್ಲುತ್ತವೆ. ಮಂತ್ರಿಗಳು ಪ್ಯಾಂಟು ಮಡಚಿ ಇಳಿಯುತ್ತಾರೆ, ಒಬ್ಬ ಕೊಡೆ ಹಿಡಿಯುತ್ತಾನೆ, ಗಾಳಿಗೆ ಕೊಡೆ ಮಗುಚುತ್ತದೆ, ಇನ್ನೊಬ್ಬ ಇನ್ನೊಂದು ಕೊಡೆ ತರುತ್ತಾನೆ. ಇಂಜಿನಿಯರರು ಪ್ಲಾಸ್ಟಿಕ್ ಕವರಿನೊಳಗಿನ ನಕ್ಷೆಯನ್ನು ಕವರಿನಿಂದ ತೆಗೆಯದೆಯೇ ತೋರಿಸುತ್ತಾರೆ. ಮಂತ್ರಿಗಳು ಕಡಲಿನತ್ತ ಬೆರಳು ತೋರಿಸುತ್ತಾರೆ. ಕ್ಯಾಮೆರಾದವನಿಗೆ ಅದೇ ಬೇಕಿತ್ತು. “ತುರ್ತು ಕಾಮಗಾರಿಗೆ ಆದೇಶ ಕೊಟ್ಟಿದ್ದೇವೆ, ಶಾಶ್ವತ ಪರಿಹಾರಕ್ಕೆ ಯೋಜನೆ ತಯಾರಾಗುತ್ತಿದೆ.” ಹಿಂದೆ ನಿಂತ ಹೆಂಗಸೊಬ್ಬರು ಸೆರಗಿನಿಂದ ಮುಖದ ನೀರು ಒರೆಸಿಕೊಂಡು, “ಹೋದ ವರ್ಷವೂ ಇದನ್ನೇ ಹೇಳಿದ್ದಲ್ವಾ ಮಾರಾಯ್ರೆ?” ಎನ್ನುತ್ತಾರೆ. ಮಾರಾಯ್ರು ಅಷ್ಟರಲ್ಲಿ ಕಾರಿನೊಳಗೆ.

ಮರುದಿನ ಟಿಪ್ಪರುಗಳು ಬರುತ್ತವೆ. ಕಲ್ಲಿನ ಕೋರೆಯಿಂದ ಬಂದ ಕರಿಕಲ್ಲು ದಡದಲ್ಲಿ ಧೊಪ್ಪನೆ ಬೀಳುತ್ತದೆ. ಈ ಕೆಲಸದ ಸೊಗಸು ಬೇರೆ ಯಾವ ಸರ್ಕಾರಿ ಕೆಲಸಕ್ಕೂ ಇಲ್ಲ. ರಸ್ತೆ ಮಾಡಿದರೆ ಡಾಂಬರು ಎಷ್ಟು ದಪ್ಪ ಎಂದು ಯಾರಾದರೂ ಕೆದಕಿ ನೋಡಬಹುದು. ಶಾಲೆ ಕಟ್ಟಿದರೆ ಸೋರುವುದು ಕಾಣುತ್ತದೆ. ಕಡಲಿಗೆ ಹಾಕಿದ ಕಲ್ಲು? ಸೆಪ್ಟೆಂಬರಿನೊಳಗೆ ಮರಳಿನಲ್ಲಿ ಹೂತು ಹೋಗಿರುತ್ತದೆ. ನೂರು ಲೋಡು ಹಾಕಿದ್ದೋ ಅರುವತ್ತೋ ಎಂದು ಲೆಕ್ಕ ಪರಿಶೋಧಕರು ಕೇಳಿದರೆ ಮುಳುಗಿ ನೋಡಿ ಎನ್ನಬಹುದು. ಸಾಕ್ಷ್ಯವನ್ನು ತಾನೇ ನುಂಗಿ ಹಾಕುವ ಇಂಥ ಉಪಕಾರಿ ಇಲಾಖೆ ಕಡಲೊಂದೇ.

ಕಲ್ಲಿಗೆ ಇನ್ನೊಂದು ಗುಣವಿದೆ. ಒಂದು ಕಡೆ ಗೋಡೆ ಕಟ್ಟಿದರೆ ಮರಳಿನ ಓಡಾಟ ತಪ್ಪಿ ಅದರ ಮಗ್ಗುಲಿನ ದಡ ಕೊರೆಯಲು ಶುರುವಾಗುತ್ತದೆ. ಮುಂದಿನ ವರ್ಷ ಅಲ್ಲಿಗೆ ಕಲ್ಲು. ಅದರ ಮುಂದಿನ ವರ್ಷ ಅದರ ಪಕ್ಕಕ್ಕೆ. ಸುರತ್ಕಲ್‌ನಿಂದ ಕಾರವಾರದವರೆಗೆ ಇನ್ನೂ ಎಷ್ಟೋ ಜಾಗ ಬಾಕಿ ಇದೆ. ಮೊಮ್ಮಕ್ಕಳ ಕಾಲಕ್ಕೂ ಕೆಲಸಕ್ಕೆ ಕೊರತೆಯಿಲ್ಲ.

ಹಾಗಂತ ಉಳ್ಳಾಲದ ಕಡಲ್ಕೊರೆತಕ್ಕೆ ಧ್ರುವದ ಹಿಮವೇ ಕಾರಣ ಎಂದರೆ ನಾನು ಒಪ್ಪುವುದಿಲ್ಲ. ನೇತ್ರಾವತಿ, ಗುರುಪುರ ನದಿಗಳು ಕಡಲು ಸೇರುವ ಅಳಿವೆ ಬಾಗಿಲಿನಲ್ಲಿ ಬಂದರಿಗೋಸ್ಕರ ಕಟ್ಟಿದ ಬ್ರೇಕ್‌ವಾಟರುಗಳೇ, ಅಂದರೆ ಅಲೆ ತಡೆಯುವ ಗೋಡೆಗಳೇ, ಇಲ್ಲಿಯ ಮರಳಿನ ಹಾದಿ ತಪ್ಪಿಸಿದ್ದು ಎಂದು ತಿಳಿದವರು ಎಂದೋ ಹೇಳಿದ್ದಾರೆ. ಅದನ್ನು ಸರಿಪಡಿಸಲು ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿನ ಸಾಲ ತಂದು ಕಡಲೊಳಗೂ ತಡೆ ಕಟ್ಟಿದ್ದಾಯಿತು. ಆದರೆ ಅಧಿಕಾರಿಗಳನ್ನು ಕೇಳಿ ನೋಡಿ. ಈಚೆಗೆ ಅವರ ಬಾಯಲ್ಲಿ ಮೊದಲು ಬರುವ ಮಾತು “ಗ್ಲೋಬಲ್ ವಾರ್ಮಿಂಗ್ ಸರ್.” ಅಮೆರಿಕದವರು ಒಪ್ಪಲು ಒದ್ದಾಡುವ ವಿಜ್ಞಾನವನ್ನು ನಮ್ಮ ಲೋಕೋಪಯೋಗಿಗಳು ಒಂದೇ ಗುಟುಕಿಗೆ ಒಪ್ಪಿಬಿಟ್ಟಿದ್ದಾರೆ. ಯಾಕೆಂದರೆ ಬ್ರೇಕ್‌ವಾಟರ್ ಕಟ್ಟಿದವರಿಗೆ ನೋಟಿಸ್ ಕೊಡಬಹುದು. ಅಂಟಾರ್ಕ್ಟಿಕಾಕ್ಕೆ ಯಾವ ವಿಳಾಸಕ್ಕೆ ಕಳಿಸುವುದು?

ಕಡಲು ಏರುತ್ತದೆ ಎಂದು ನಂಬಬೇಕೋ ಬೇಡವೋ ಎನ್ನುವುದನ್ನು ತೀರ್ಮಾನಿಸುವುದು ಥರ್ಮಾಮೀಟರು ಅಲ್ಲ, ಬಿಲ್ಲು ಯಾರ ಹೆಸರಿಗೆ ಬರುತ್ತದೆ ಎಂಬುದು. ಇದಕ್ಕೆ ನನ್ನ ಹತ್ತಿರ ಇರುವ ಅತ್ಯುತ್ತಮ ಸಾಕ್ಷಿ ಒಂದು ಗಾಲ್ಫ್ ಮೈದಾನ. ಐರ್ಲೆಂಡಿನ ಕ್ಲೇರ್ ಕೌಂಟಿಯ ಡೂನ್‌ಬೆಗ್‌ನಲ್ಲಿ ಅಟ್ಲಾಂಟಿಕ್ ದಡಕ್ಕೆ ತಾಗಿಕೊಂಡಿದೆ, ಮಾಲೀಕರು ಡೊನಾಲ್ಡ್ ಟ್ರಂಪ್. ಜಾಗತಿಕ ತಾಪಮಾನ ಏರಿಕೆ ಎಂಬುದೇ ಚೀನಾದವರು ಹುಟ್ಟಿಸಿದ ಕತೆ ಎಂದು 2012ರಲ್ಲಿ ಟ್ವೀಟಿಸಿದವರು ಅವರು. ಅದೇ ಮೈದಾನಕ್ಕೆ ಅಲೆಗಳು ನುಗ್ಗತೊಡಗಿದಾಗ 2016ರಲ್ಲಿ ಕಂಪನಿ ತಡೆಗೋಡೆಗೆ ಅನುಮತಿ ಕೇಳಿ ಅರ್ಜಿ ಹಾಕಿತು. ಅರ್ಜಿಯ ಜೊತೆಗಿದ್ದ ಪರಿಸರ ವರದಿಯಲ್ಲಿ ಕಾರಣ ಏನೆಂದು ಬರೆದಿತ್ತು? ಜಾಗತಿಕ ತಾಪಮಾನ ಏರಿಕೆ ಮತ್ತು ಅದರ ಪರಿಣಾಮಗಳು! ಕೇಳಿದ್ದು ಸುಮಾರು 2 ಲಕ್ಷ ಟನ್ ಕಲ್ಲು. ಚುನಾವಣಾ ಭಾಷಣದಲ್ಲಿ ಇಲ್ಲದ ಬಿಸಿ ಹದಿನೆಂಟು ಗುಳಿಗಳ ಹುಲ್ಲುಗಾವಲಿನಲ್ಲಿ ಇತ್ತು. ಕೊನೆಗೆ ಗೋಡೆ ಚಿಕ್ಕದು ಮಾಡಿ ಕೇಳಿದರೂ 2020ರಲ್ಲಿ ಅಲ್ಲಿಯ ಯೋಜನಾ ಮಂಡಳಿ ಅಲ್ಲಿನ ಮರಳದಿಬ್ಬಗಳ ಕಾಳಜಿಯಿಂದ ಆಗುವುದಿಲ್ಲ ಎಂದಿತು. ಆ ಮಂಡಳಿಯವರು ನಮ್ಮ ಕಡೆ ಒಂದು ಮಳೆಗಾಲ ತರಬೇತಿಗೆ ಬಂದಿದ್ದರೆ ಇಂಥ ಕಠಿಣ ಹೃದಯದವರಾಗುತ್ತಿರಲಿಲ್ಲ.

ಟ್ರಂಪ್ ಅವರನ್ನು ಪೂರ್ತಿ ತಪ್ಪು ಎನ್ನುವಂತಿಲ್ಲ. 2024ರ ಆಗಸ್ಟಿನಲ್ಲಿ ಇಲಾನ್ ಮಸ್ಕ್ ಜೊತೆ ಹರಟುತ್ತಾ, ಮುಂದಿನ 400 ವರ್ಷದಲ್ಲಿ ಕಡಲು ಇಂಚಿನ ಎಂಟನೇ ಒಂದು ಭಾಗ ಏರುತ್ತದಂತೆ, ಏರಿದರೆ ಕಡಲ ಮುಂದಿನ ಸೈಟುಗಳು ಇನ್ನಷ್ಟು ಸಿಗುತ್ತವೆ ಎಂದರು. ಇಂಚಿನ ಎಂಟನೇ ಒಂದು ಭಾಗ ಎಂದರೆ 3.2 ಮಿಲಿಮೀಟರ್. ಸಂಖ್ಯೆ ಬರೋಬ್ಬರಿ! ಅಷ್ಟಕ್ಕೆ ಕಡಲು ತೆಗೆದುಕೊಳ್ಳುವುದು ಒಂದು ವರ್ಷ, ಇವರು 400 ಎಂದರು, ಅಷ್ಟೇ ವ್ಯತ್ಯಾಸ. ಸೈಟಿನ ವಿಷಯವನ್ನು ಮಾತ್ರ ಉಚ್ಚಿಲದ ಕಡೆಯವರನ್ನು ಕೇಳಿ ಹೇಳಬೇಕಿತ್ತು. ಅಲ್ಲಿ ಹಿಂದಿನ ಸಾಲಿನ ಮನೆಯವರಿಗೆ ಖರ್ಚಿಲ್ಲದೆ ಕಡಲ ಮುಂದಿನ ಮನೆ ಸಿಕ್ಕಿದೆ, ಮುಂದಿನ ಸಾಲು ಖಾಲಿಯಾದ್ದರಿಂದ.

ನಾರ್ತ್ ಕ್ಯಾರೊಲಿನಾ ರಾಜ್ಯದವರು ಇನ್ನೂ ಬುದ್ಧಿವಂತರು. ಅವರದೇ ವಿಜ್ಞಾನಿಗಳ ಸಮಿತಿ 2010ರಲ್ಲಿ, 2100ರ ಹೊತ್ತಿಗೆ ಕಡಲು 39 ಇಂಚು, ಅಂದರೆ ಹೆಚ್ಚುಕಮ್ಮಿ ಒಂದು ಮೀಟರ್ ಏರಬಹುದು, ಅದಕ್ಕೆ ತಯಾರಾಗಿ ಎಂದಿತು. ಕರಾವಳಿಯಲ್ಲಿ ಜಾಗ ಮಾರುವವರಿಗೆ ಎದೆ ಧಸಕ್ಕೆಂದಿತು. 2012ರಲ್ಲಿ ಶಾಸನಸಭೆಗೆ ಮಸೂದೆ ಬಂತು. ಅದರ ಒಂದು ಕರಡಿನ ಪ್ರಕಾರ ಕಡಲು 1900ರಿಂದ ಯಾವ ವೇಗದಲ್ಲಿ ಏರಿದೆಯೋ ಅದೇ ವೇಗದಲ್ಲಿ, ನೇರ ಗೆರೆಯಲ್ಲಿ ಮಾತ್ರ ಏರತಕ್ಕದ್ದು. ವೇಗ ಹೆಚ್ಚಿಸಿಕೊಳ್ಳುವ ಲೆಕ್ಕಕ್ಕೆ ಅವಕಾಶವಿಲ್ಲ. ಊರೆಲ್ಲ ನಕ್ಕ ಮೇಲೆ ಸ್ವಲ್ಪ ತಿದ್ದಿ, 2016ರ ಜುಲೈ 1ರವರೆಗೆ ಇಂಥ ಮುನ್ಸೂಚನೆ ಹಿಡಿದು ನಿಯಮ ಮಾಡಕೂಡದು ಎಂದು ಪಾಸು ಮಾಡಿದರು. ಕಡಲಿಗೆ ನಾಲ್ಕು ವರ್ಷದ ತಡೆಯಾಜ್ಞೆ. ಅದೇ ರಾಜ್ಯದ ರೊಡ್ಯಾಂಥಿ ಎಂಬಲ್ಲಿ 2020ರ ನಂತರ ಕಂಬಗಳ ಮೇಲೆ ನಿಂತ ಮನೆಗಳು ಒಂದರ ಹಿಂದೆ ಒಂದರಂತೆ ಅಲೆಗಳಿಗೆ ಕುಸಿದವು. ಕಡಲಿಗೆ ಆಜ್ಞೆಯ ಪ್ರತಿ ತಲುಪಿರಲಿಲ್ಲವೇನೋ. ಅವರ ಕಷ್ಟ ನೋಡಿ ಕಲಿತ ಫ್ಲಾರಿಡಾ 2024ರಲ್ಲಿ ತನ್ನ ಕಾನೂನಿನ ಪುಸ್ತಕದಿಂದ ಹವಾಮಾನ ಬದಲಾವಣೆ ಎಂಬ ಪದವನ್ನೇ ಬಹುತೇಕ ಅಳಿಸಿ ಹಾಕಿತು. ಶಬ್ದ ಹೋದರೆ ಶನಿ ಹೋಯಿತು.

ನಮ್ಮ ವಾಟ್ಸಾಪ್ ವಿದ್ವಾಂಸರಂತೂ ಲೋಟ ಹಿಡಿದುಕೊಂಡು ಬರುತ್ತಾರೆ. ನೀರಿನ ಲೋಟದಲ್ಲಿ ತೇಲುವ ಐಸು ಕರಗಿದರೆ ಮಟ್ಟ ಏರುತ್ತದೆಯೇ? ಇಲ್ಲ. ಹಾಗಾದರೆ ಧ್ರುವದ ಹಿಮ ಕರಗಿದರೆ ಏನು ಕಷ್ಟ? ಉತ್ತರ ಧ್ರುವದಲ್ಲಿ ತೇಲುವ ಹಿಮದ ಮಟ್ಟಿಗೆ ಅವರ ಮಾತು ನಿಜ. ಗ್ರೀನ್‌ಲ್ಯಾಂಡಿನ ಹಿಮ ಕೂತಿರುವುದು ನೆಲದ ಮೇಲೆ, ಅಂಟಾರ್ಕ್ಟಿಕಾದ್ದು ಬಹುಪಾಲು ಹಾಗೆಯೇ. ಗ್ರೀನ್‌ಲ್ಯಾಂಡಿನದ್ದು ಪೂರ್ತಿ ಕರಗಿದರೆ ಕಡಲು 7 ಮೀಟರ್ ಏರುತ್ತದೆ, ಅಂಟಾರ್ಕ್ಟಿಕಾದ್ದು ಕರಗಿದರೆ 58. ಪೂರ್ತಿ ಕರಗಲು ಶತಮಾನಗಳು, ಸಹಸ್ರಮಾನಗಳು ಬೇಕು, ಗಾಬರಿ ಬೇಡ. ಗಾಬರಿಗೆ ಅರ್ಧ ಮೀಟರೇ ಸಾಕು.

ಇದರಲ್ಲಿ ಪ್ರಕೃತಿಯದೂ ಒಂದು ಕುಚೋದ್ಯವಿದೆ. ಗ್ರೀನ್‌ಲ್ಯಾಂಡಿನ ಹಿಮದ ರಾಶಿ ಎಷ್ಟು ಭಾರವೆಂದರೆ ತನ್ನ ಗುರುತ್ವದಿಂದ ಸುತ್ತಲಿನ ಕಡಲನ್ನು ತನ್ನತ್ತ ಎಳೆದುಕೊಂಡಿದೆ. ಹಿಮ ಕರಗಿದಷ್ಟೂ ಆ ಎಳೆತ ಸಡಿಲವಾಗಿ ಗ್ರೀನ್‌ಲ್ಯಾಂಡಿನ ಸುತ್ತ ನೀರು ಇಳಿಯುತ್ತದೆ, ದೂರದ ಉಷ್ಣವಲಯದಲ್ಲಿ ಏರುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ; ಇಲ್ಲಿ ಬರೆ ಎಳೆಯುವುದು ಭೌತಶಾಸ್ತ್ರವೇ ಆದ್ದರಿಂದ ಮೇಲ್ಮನವಿಗೂ ಅವಕಾಶವಿಲ್ಲ. ಅಲ್ಲಿ ಕಳಚಿಬಿದ್ದು ಕಡಲಲ್ಲಿ ತೇಲುವ ಹಿಮವನ್ನು ಎತ್ತಿ ಹಡಗಿನಲ್ಲಿ ದುಬೈಗೆ ತಂದು ಬಾರಿನ ಲೋಟಗಳಿಗೆ ಹಾಕುವ ವ್ಯಾಪಾರವೂ ಶುರುವಾಗಿದೆ. 2023ರ ಹವಾಮಾನ ಶೃಂಗಸಭೆ ನಡೆದದ್ದೂ ಅದೇ ದುಬೈಯಲ್ಲಿ, ಅಧ್ಯಕ್ಷತೆ ಪಕ್ಕದ ಅಬುಧಾಬಿಯ ಸರ್ಕಾರಿ ತೈಲ ಕಂಪನಿಯ ಮುಖ್ಯಸ್ಥರದ್ದು. ನಗುವ ಮೊದಲು ನಮ್ಮದನ್ನೂ ನೆನೆಯಬೇಕು. 2021ರಲ್ಲಿ ಗ್ಲಾಸ್ಗೋದಲ್ಲಿ ಕಲ್ಲಿದ್ದಲು ಬಳಕೆಯನ್ನು ನಿಲ್ಲಿಸುತ್ತಾ ಬರುವುದು ಎಂದಿದ್ದ ಕರಡನ್ನು ಕೊನೆ ಗಳಿಗೆಯಲ್ಲಿ ಕಡಿಮೆ ಮಾಡುತ್ತಾ ಬರುವುದು ಎಂದು ತಿದ್ದಿಸಿದ್ದು ನಾವು. ಬಡದೇಶಕ್ಕೆ ಕರೆಂಟು ಬೇಕು, ಆ ವಾದದಲ್ಲಿ ನ್ಯಾಯವಿದೆ. ಆ ಕರೆಂಟಿನಲ್ಲಿ ಯಾರ ಮನೆಯ ಏಸಿ ಓಡುತ್ತದೆ, ಯಾರ ಮನೆಯ ಅಡುಗೆಕೋಣೆ ಕಡಲಿಗೆ ಹೋಗುತ್ತದೆ ಎಂದು ಮಾತ್ರ ಯಾರೂ ಕೇಳಲಿಲ್ಲ.

ಕಡಲು ಒಂದು ಕಡೆಯಿಂದ ಹತ್ತಿರ ಬರುತ್ತಿದ್ದರೆ ನಾವು ಇನ್ನೊಂದು ಕಡೆಯಿಂದ ಎದುರುಗೊಳ್ಳಲು ಹೋಗುತ್ತಿದ್ದೇವೆ. 2011ರ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಅಧಿಸೂಚನೆಯಂತೆ ಹಳ್ಳಿಗಾಡಿನ ತೀರದಲ್ಲಿ ಭರತದ ಗೆರೆಯಿಂದ 200 ಮೀಟರ್ ಒಳಗೆ ಹೊಸದಾಗಿ ಕಟ್ಟುವಂತಿರಲಿಲ್ಲ. 2019ರಲ್ಲಿ ಅದನ್ನು ಪರಿಷ್ಕರಿಸಿದರು. 2011ರ ಜನಗಣತಿಯಂತೆ ಚದರ ಕಿಲೋಮೀಟರಿಗೆ 2,161ಕ್ಕಿಂತ ಹೆಚ್ಚು ಜನರಿದ್ದರೆ 50 ಮೀಟರ್ ಸಾಕು. ಅಂದರೆ 2,161 ಜನ ಇದ್ದಲ್ಲಿ ಕಡಲು 200 ಮೀಟರ್ ದೂರದ ಗಂಡಾಂತರ. ಯಾರದೋ ಮನೆಯಲ್ಲಿ ಒಂದು ಕೂಸು ಹುಟ್ಟಿದ ಕೂಡಲೇ 150 ಮೀಟರ್ ಹಿಂದೆ ಸರಿದು ಸಾಧುವಾಗುತ್ತದೆ. ಭರತದ ಗೆರೆಯಂತೂ ನಕ್ಷೆಯಲ್ಲಿ ಎಳೆದಲ್ಲೇ ಇದೆ. ಅದನ್ನು ದಾಟಿ ಒಳಬಂದ ಕಡಲು ಕಾಗದದ ಪ್ರಕಾರ ಅನಧಿಕೃತ ಒತ್ತುವರಿದಾರ.

ತೀರದ ಒಂದು ಊರಿನಲ್ಲಿ ಜಾಗ ಕಳಕೊಂಡ ಅಜ್ಜಿಯೊಬ್ಬರು ಪರಿಹಾರಕ್ಕೆಂದು ಗ್ರಾಮ ಕಚೇರಿಗೆ ಹೋಗಿದ್ದರು. ಉಗ್ರಾಣಿ ಆರ್‌ಟಿಸಿ ತೆಗೆಸಿ ನೋಡಿದ.

“ನಿಮ್ಮ ಜಾಗ ಎಲ್ಲಿ ಹೋಗಿದೆ ಅಜ್ಜಿ? ಇಲ್ಲೇ ಉಂಟಲ್ಲ, ಐದು ಸೆಂಟ್ಸ್, ಬಾಗಾಯ್ತು, ತೆಂಗು ಅಂತ ಬರೆದಿದೆ.”

“ತೆಂಗು ಬಿದ್ದು ಮೂರು ಮಳೆಗಾಲ ಆಯ್ತು ಮಗಾ. ಈಗ ಅಲ್ಲಿ ದೋಣಿ ಹೋಗ್ತದೆ.”

“ಅದೆಲ್ಲ ಇದರಲ್ಲಿ ಬರೋದಿಲ್ಲ. ರೆಕಾರ್ಡಿನಲ್ಲಿ ಜಾಗ ನಿಮ್ಮ ಹೆಸರಿನಲ್ಲೇ ಉಂಟು.”

ಅಜ್ಜಿ ಸ್ವಲ್ಪ ಹೊತ್ತು ಯೋಚಿಸಿದರು. “ಹಾಗಾದರೆ ಆ ಐದು ಸೆಂಟ್ಸಿನಲ್ಲಿ ಸಿಗುವ ಬೂತಾಯಿ ನನ್ನದೇ ಅಲ್ವಾ?”

ಉಗ್ರಾಣಿ ಕಡತ ಮುಚ್ಚಿದ. “ಅದು ಮೀನುಗಾರಿಕೆ ಇಲಾಖೆಗೆ ಬರ್ತದೆ ಅಜ್ಜಿ. ಅಲ್ಲಿ ಬೇರೆ ಅರ್ಜಿ ಕೊಡಿ.”